ಬೆಳ್ಳಿ ಕಟ್ಟಿನ ಬೆತ್ತ

ವೇದಿಕೆಯ ಮೇಲೆ ಇನ್ನೂ ಯಾರೂ ಇರಲಿಲ್ಲ. ನಡುವೆ ಒಂದು ದೊಡ್ಡ ಕುರ್ಚಿ. ಮದುವೆಯ ಆರತಕ್ಷತೆಗೆ ಬಾಡಿಗೆಗೆ ತರುವಂಥದು, ಕೆಂಪು ಮಖಮಲ್ಲಿನದು, ಕೈಗಳಿಗೆ ಚಿನ್ನದ ಬಣ್ಣ ಬಳಿದದ್ದು. ಅದರ ಬೆನ್ನಿಗೆ ಬಿಳಿಯ ಟರ್ಕಿ ಟವೆಲು. ಮುಂದಿನ ಮೇಜಿಗೆ ಹಾಸಿದ ಬಟ್ಟೆಯಲ್ಲಿ ಇಸ್ತ್ರಿಯ ಗೆರೆಗಳು ಇನ್ನೂ ಬಿಟ್ಟಿರಲಿಲ್ಲ. ಆ ಬಟ್ಟೆಯ ಮೇಲೊಂದು ಹರಿವಾಣ. ಅದರಲ್ಲಿ ಮಡಿಸಿದ ಶಾಲು, ಐದು ಬಗೆಯ ಹಣ್ಣು, ಗಂಧದ ಹಾರ. ಇವೆಲ್ಲದಕ್ಕೂ ಅಡ್ಡಲಾಗಿ, ಎರಡೂ ತುದಿಗೆ ಬೆಳ್ಳಿಯ ಕಟ್ಟು ಹಾಕಿಸಿ ಎಣ್ಣೆ ಒರೆಸಿ ಮಿರುಗಿಸಿದ ಒಂದು ಬೆತ್ತ. ಪೂರ್ವದ ಕಿಟಕಿಯಿಂದ ಓರೆಯಾಗಿ ಇಳಿದ ಬಿಸಿಲು ಬೆತ್ತದ ಮೇಲೆ ಬಂದು ಕೂತಿತ್ತು. ಬೆತ್ತಕ್ಕಿಂತ ಅದರ ನೆರಳೇ ಉದ್ದವಾಗಿತ್ತು. ಹಿಂದಿನ ಪರದೆಯಲ್ಲಿ ‘ಗುರುವಂದನೆ’ ಎಂಬ ಥರ್ಮೋಕೋಲಿನ ಅಕ್ಷರಗಳು. ಫ್ಯಾನುಗಳು ತಿರುಗುತ್ತಿರಲಿಲ್ಲ, ಹಾರದ ಒಂದು ಎಳೆಯೂ ಅಲುಗುತ್ತಿರಲಿಲ್ಲ.

ಭದ್ರಾವತಿಯ ಕಾರ್ಖಾನೆ ಕಾಲೊನಿಯ ಆ ಸಮುದಾಯ ಭವನದ ಬಾಗಿಲಲ್ಲಿ, ಮೊಮ್ಮಗಳು ಅಕ್ಷರಾಳ ಕೈ ಹಿಡಿದು ನಿಂತಿದ್ದ ಹೂವಪ್ಪ ಅದನ್ನು ನೋಡುತ್ತಲೇ ಇದ್ದ. ಐವತ್ತಾರರ ಗಂಡಸು, ಖಾಸಗಿ ಫೌಂಡ್ರಿಯೊಂದರಲ್ಲಿ ಎಲೆಕ್ಟ್ರಿಷಿಯನ್. ಆದರೂ ಬೆತ್ತ ಕಂಡ ಗಳಿಗೆಯಲ್ಲಿ ಅವನ ಅಂಗೈಗಳು ತಾವಾಗಿಯೇ ಮುಚ್ಚಿಕೊಂಡವು.

“ಕೈ ನೋಯ್ತಿದೆ ಅಜ್ಜಾ,” ಎಂದಿತು ಮಗು.

ಹಾರ್ಡ್‌ವೇರ್ ಅಂಗಡಿಯ ಪ್ರಕಾಶ್ ಎದೆಗೆ ಬ್ಯಾಡ್ಜು ಚುಚ್ಚಿಕೊಂಡು ಓಡಿ ಬಂದ. ಏಳನೇ ತರಗತಿಯವರೆಗೆ ಇಬ್ಬರೂ ಒಂದೇ ಬೆಂಚು. “ಏನ್ ಮಾರಾಯ, ಬಾಗ್ಲಲ್ಲೇ ನಿಂತ್ಬಿಟ್ಟೆ? ಈಗ್ಲೂ ಮೇಷ್ಟ್ರು ಹೊರಗೆ ನಿಲ್ಸಿದಾರಾ?”

“ಅದೇನೋ ಅದು, ಬೆತ್ತ?”

“ಐಡಿಯಾ ನಂದೇ! ಎಲ್ರೂ ಶಾಲು ಕೊಡ್ತಾರೆ, ಫಲಕ ಕೊಡ್ತಾರೆ. ನಾವು ಬೆತ್ತ ಕೊಡ್ತಿದೀವಿ, ಬೆಳ್ಳಿ ಕಟ್ಟಿಸಿ. ಷಡಕ್ಷರಪ್ಪ ಮೇಷ್ಟ್ರು ನಾಲ್ಕು ಬಿಗೀದೆ ಹೋಗಿದ್ರೆ ನಾನು ಇವತ್ತು ಅಂಗಡಿ ಇಡ್ತಿದ್ನಾ? ಗುಜರಿ ಆಯ್ಕೊಂಡಿರ್ತಿದ್ದೆ.” ಪ್ರಕಾಶ್ ಬಗ್ಗಿ ಮಗುವಿನ ಕೆನ್ನೆ ತಟ್ಟಿದ. “ಪುಟ್ಟೀ, ರೆಡೀನಾ? ಹತ್ತೊಂಬತ್ತರ ಮಗ್ಗಿ! ಮೇಷ್ಟ್ರು ಬೆತ್ತ ಹಿಡ್ಕೊಂಡು ಕೂತಿರ್ತಾರೆ, ನೀವು ಮೊಮ್ಮಕ್ಕಳು ಒಬ್ಬೊಬ್ರಾಗಿ ಒಪ್ಪಿಸ್ಬೇಕು. ಸುಮ್ನೆ ತಮಾಷೆಗೆ ಕಣೋ, ವಿಡಿಯೋ ಚೆನ್ನಾಗ್ ಬರುತ್ತೆ.”

“ಇದು ನಂಗ್ಯಾರೂ ಹೇಳ್ಲಿಲ್ವಲ್ಲ?”

“ನಿನ್ನ ಮಗಳಿಗೆ ಫೋನ್ ಮಾಡಿದ್ದೆ. ನಿಂಗೆ ಹೇಳಿದ್ರೆ ಮರೀತೀಯ ಬಿಡು!” ಎಂದು ನಗುತ್ತ ಪ್ರಕಾಶ್ ಮೈಕಿನ ಕಡೆ ನಡೆದುಬಿಟ್ಟ.

ಮರೆಯುತ್ತಿದ್ದುದು ನಿಜ. ಮಳೆಗಾಲದ ಆರಂಭದಲ್ಲಿ ಒಂದು ದಿನ ಹೊಸ ಮ್ಯಾನೇಜರು ಎಲ್ಲರೆದುರು ಕಿರುಚಿದಾಗ, ತಾನೇ ವೈರಿಂಗ್ ಮಾಡಿದ್ದ ಪ್ಯಾನೆಲ್ ಬೋರ್ಡಿನ ಮುಂದೆ ಯಾವ ಸ್ವಿಚ್ಚು ಯಾವುದೆಂದು ತಿಳಿಯದೆ ಹೂವಪ್ಪ ಕಲ್ಲಾಗಿ ನಿಂತಿದ್ದ. ಅದು ಮೊದಲ ಸಲವಲ್ಲ. ಮಗಳು ಶೀಲಾ ಹಟ ಹಿಡಿದು ಶಿವಮೊಗ್ಗಕ್ಕೆ, ಸವಳಂಗ ರಸ್ತೆಯ ಮಿದುಳಿನ ಡಾಕ್ಟರ ಬಳಿಗೆ ಅವನನ್ನು ಕಳಿಸಿದಳು. ಡಾಕ್ಟರ ಹೆಸರು ತನುಜಾ. ಆಕೆ ಷಡಕ್ಷರಪ್ಪ ಮೇಷ್ಟರ ಮಗಳೆಂಬುದು ಹೂವಪ್ಪನಿಗೆ ಗೊತ್ತಿತ್ತು. ಗೊತ್ತಿದ್ದೇ ಹೋದ, ಎದುರು ಕೂತು, ಎದೆಯಲ್ಲಿ ಒಂದು ವಕ್ರವಾದ ಸುಖವನ್ನು ಅನುಭವಿಸುತ್ತ, “ಒಬ್ರು ಮೇಷ್ಟ್ರಿದ್ರು ಮೇಡಂ, ದಿನಾ ಬಡೀತಿದ್ರು” ಎಂದಷ್ಟೇ ಹೇಳಿದ, ಹೆಸರು ಹೇಳಲಿಲ್ಲ.

ಆಕೆ ತಾಳ್ಮೆಯಿಂದ ವಿವರಿಸಿದ್ದಳು. ಮೂತ್ರಪಿಂಡದ ನೆತ್ತಿಯ ಮೇಲೆ ಕುಲಾವಿಯ ಹಾಗೆ ಕೂತ ಪುಟ್ಟ ಗ್ರಂಥಿ. ಹೆದರಿದಾಗ ಅಲ್ಲಿಂದ ರಕ್ತಕ್ಕೆ ಇಳಿಯುವ ಕಾರ್ಟಿಸಾಲ್ ಎಂಬ ಹಾರ್ಮೋನು. “ಯಾವಾಗಲೋ ಒಮ್ಮೆ ಬಂದು ಹೋದರೆ ಅದು ಉಪಕಾರಿಯೇ. ಹಾವು ಕಂಡ ಜಾಗ ಮರೆಯೋದಿಲ್ಲ ನೋಡಿ, ಹಾಗೆ. ದಿನಾ ಬಂದರೆ ಕಷ್ಟ. ನೆನಪು ಕಟ್ಟೋ ಜಾಗವನ್ನೇ ಸೊರಗಿಸುತ್ತೆ. ಭಯದ ನೆನಪು ಗಟ್ಟಿಯಾಗುತ್ತೆ, ಪಾಠದ ನೆನಪು ಬಡವಾಗುತ್ತೆ. ಅದೂ ಎಳೇ ವಯಸ್ಸಲ್ಲಿ ಹಾಗಾದರೆ, ದೊಡ್ಡವರಾದ ಮೇಲೂ ಸಣ್ಣ ಗದರಿಕೆಗೇ ಮೈ ಗಾಬರಿ ಬೀಳಬಹುದು.”

“ಅಂದ್ರೆ ಫ್ಯೂಸ್ ಹಾರಿದ ಹಾಗೆ.”

“ಹಾಗೇ ಅಂದ್ಕೊಳ್ಳಿ. ನಿಮ್ಮದು ಸಣ್ಣ ಲೋಡಿಗೂ ಹಾರುತ್ತೆ.” ಆಕೆ ನಕ್ಕಿದ್ದಳು. ತಂದೆಯದೇ ಹಲ್ಲಿನ ಸಾಲು. ಹೂವಪ್ಪನಿಗೆ ನಗು ಬಂದಿರಲಿಲ್ಲ.

ದಡ್ಡ ಎಂಬುದು ಅವನಿಗೆ ನಲವತ್ತೈದು ವರ್ಷದ ಹೆಸರು. ಮನೆಯಲ್ಲಿ ತಾಯಿ ಪಾತ್ರೆ ಬೆಳಗುವಾಗ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು ನೀರು ಹರಿದಂತೆ ಮಗ್ಗಿ ಹೇಳುತ್ತಿದ್ದ ಹುಡುಗ, ತರಗತಿಯಲ್ಲಿ ಮೇಜಿನ ಮೇಲೆ ಬೆತ್ತ ಟಕ್ಕೆಂದೊಡನೆ ಬರಿದಾಗುತ್ತಿದ್ದ. ಬರಿದಾದುದಕ್ಕೆ ಏಟು; ಏಟಿನ ಭಯಕ್ಕೆ ಮರುದಿನ ಇನ್ನಷ್ಟು ಬರಿದು. ಆ ಕೋಣೆಯ ಒಂದು ಪದ್ಯವೂ ಅವನಲ್ಲಿ ಉಳಿದಿಲ್ಲ. ಮೇಷ್ಟರ ನಶ್ಯದ ಘಾಟು ಮಾತ್ರ ಈಗಲೂ ಮೂಗಿನಲ್ಲಿದೆ. ಡಾಕ್ಟರ ಮಾತು ಕೇಳಿದ ಮೇಲೆ ಅವನಿಗೆ ಸಮಾಧಾನವಾಗಲಿಲ್ಲ, ಸಿಟ್ಟು ಬಂತು. ಬುದ್ಧಿ ಕಡಿಮೆಯೆಂದು ತಾನು ನಂಬಿ ಬಾಳಿದ್ದು, ಕಾಲೇಜಿನ ಬಾಗಿಲು ತಟ್ಟದೆ ಹಿಂದಿರುಗಿದ್ದು, ಹೆಂಡತಿ ಮಕ್ಕಳ ಮುಂದೆ ‘ನಂಗೇನ್ ತಿಳಿಯುತ್ತೆ’ ಎಂದು ತಲೆ ತಗ್ಗಿಸಿದ್ದು, ಎಲ್ಲವೂ ಒಬ್ಬ ಮನುಷ್ಯನ ಕೈಚಳಕವೇ? ಅದನ್ನು ಅವರ ಮುಖದ ಮುಂದೆ ಹೇಳಿಬಿಡಬೇಕೆಂದೇ ಇವತ್ತು ಬಂದಿದ್ದ. ವಾಕ್ಯಗಳನ್ನು ತಿದ್ದಿ ತೀಡಿ ಗಟ್ಟಿ ಮಾಡಿಕೊಂಡಿದ್ದ.

ಕಾರು ಬಂತು. ಎಂಬತ್ತೆರಡರ ಷಡಕ್ಷರಪ್ಪನವರನ್ನು ಮಗಳು ತೋಳು ಹಿಡಿದು ಇಳಿಸಿದಳು. ಹಣೆಯ ವಿಭೂತಿ ಓರೆಯಾಗಿತ್ತು. ಬಾಗಿಲಲ್ಲಿ ಹೂವಪ್ಪನನ್ನು ಕಂಡು ತನುಜಾ ತಡೆದು ನಿಂತಳು.

“ಹೂವಪ್ಪನವರೇ, ನೀವು ಇದೇ ಶಾಲೆಯವರಾ?” ಎಂದವಳು, ಅವನ ಮುಖವನ್ನೂ ತಂದೆಯ ಮುಖವನ್ನೂ ನೋಡಿ ಮೆತ್ತಗಾದಳು. “ನೀವು ಹೇಳಿದ ಆ ಮೇಷ್ಟ್ರು...”

“ಹೌದು ಮೇಡಂ. ಇವ್ರೇ.”

ತಂದೆಯನ್ನು ಒಳಗೆ ಕೂರಿಸಿ ಆಕೆ ಮರಳಿ ಬಂದಳು. “ಕೈ ಮುಗಿದು ಕೇಳ್ತೀನಿ, ವೇದಿಕೆ ಮೇಲೆ ಏನೂ ಅನ್ನಬೇಡಿ. ಅಪ್ಪನಿಗೆ ಮರೆವಿನ ಕಾಯಿಲೆ. ಉಳಿದಿರೋದೇ ಸ್ವಲ್ಪ. ಗಾಬರಿಯಾದರೆ ಅದೂ ಕಲಸಿಹೋಗುತ್ತೆ. ಭಯ ಅವರಿಗೆ ವಿಷ.”

“ಓಹೋ. ಅವ್ರಿಗೆ ವಿಷ,” ಎಂದ ಹೂವಪ್ಪ. “ನಮಗೇನು, ಪಾನಕವಾಗಿತ್ತಾ?”

ಆಕೆ ಒಳಗೆ ಕೂತ ತಂದೆಯತ್ತ ತಿರುಗಿ ನೋಡಿದಳು.

“ಆಯ್ತು, ನಾನು ಬಾಯಿ ಬಿಡಲ್ಲ. ಆದ್ರೆ ಆ ಬೆತ್ತದ ಮುಂದೆ ಈ ಮಗೂನ ನಿಲ್ಸಲ್ಲ. ನೀವೇ ಹೇಳಿ ಅದನ್ನ ನಿಲ್ಸಿ.”

“ಹೇಳ್ತೀನಿ,” ಎಂದಳು. ಹೇಳಿದಳೂ, ಪ್ರಕಾಶನ ಕಿವಿಯ ಬಳಿ ಬಗ್ಗಿ ಹೇಳುತ್ತಿದ್ದುದು ಕಾಣುತ್ತಿತ್ತು. ಅವನು ‘ಏನಾಗಲ್ಲ ಮೇಡಂ’ ಎನ್ನುವಂತೆ ಕೈಯಾಡಿಸಿ ಮೈಕು ಹಿಡಿದ.

ಹಾರ, ಶಾಲು, ಚಪ್ಪಾಳೆ ಮುಗಿದವು. ಆಮೇಲೆ ನೆರೆಗೂದಲಿನ ಶಿಷ್ಯರು ಸಾಲಾಗಿ ವೇದಿಕೆಗೆ ಏರಿ, ಪ್ರತಿಯೊಬ್ಬರೂ ಬಗ್ಗಿ ಅದೇ ಪ್ರಶ್ನೆ ಕೇಳತೊಡಗಿದರು: “ನಾನ್ಯಾರು ಹೇಳಿ ಸಾರ್, ನೋಡೋಣ?”

ಮುದುಕ ಮೇಷ್ಟರು ಮುಖ ಮುಖವನ್ನೂ ತಡಕಿದರು. ತುಟಿ ಅಲುಗಿತು, ಹೆಸರು ಬರಲಿಲ್ಲ.

“ಸಾರ್, ನಾನು ಜಂಬಣ್ಣ! ಬೆಂಚ್ ಮೇಲೆ ನಿಲ್ಸಿದ್ರಲ್ಲ?”

“ಸಾರ್‌ಗೆ ಈಗ ನಾವೇ ಬೆತ್ತ ತಗೋಬೇಕು ಕಣ್ರೋ!” ಎಂದರು ಯಾರೋ. ಸಭೆ ನಕ್ಕಿತು. ಮುದುಕರ ಹಣೆಯಲ್ಲಿ ಬೆವರು ಮೂಡಿ ವಿಭೂತಿ ಕರಗಿ ಹುಬ್ಬಿಗಿಳಿಯಿತು. ಕಣ್ಣುಗಳು ಬಾಗಿಲು ಹುಡುಕುತ್ತಿದ್ದವು. ಆ ಕಣ್ಣುಗಳನ್ನು ಹೂವಪ್ಪ ಬಲ್ಲ. ಅವು ಒಂದು ಕಾಲಕ್ಕೆ ಅವನವೇ ಆಗಿದ್ದವು. ಮರುಕ ಬಂದೀತೆಂದು ಕಾದ. ಬಂದದ್ದು ಇನ್ನೂ ಕಹಿಯಾದ ಕೋಪ. ಈ ಮನುಷ್ಯ ತನ್ನ ಮೇಲೆ ಬೇರೆಯವರು ಸಿಟ್ಟಾಗುವ ಹಕ್ಕನ್ನೂ ಮರೆವಿನ ಜೇಬಿಗೆ ಹಾಕಿಕೊಂಡು ಕೂತಿದ್ದಾನಲ್ಲ!

ಅಷ್ಟರಲ್ಲಿ ಪ್ರಕಾಶ್ ಮೈಕಿನಲ್ಲಿ “ಈಗ ಮೊದಲನೇ ಮೊಮ್ಮಗಳು, ಕುಮಾರಿ ಅಕ್ಷರಾ!” ಎಂದು ಕೂಗಿದ. ಹೂವಪ್ಪ ಹಿಡಿಯುವುದರೊಳಗೆ, ಚಪ್ಪಾಳೆಯ ಹುರುಪಿಗೆ ಮಗು ಕೈ ಬಿಡಿಸಿಕೊಂಡು ಓಡಿ ಮೆಟ್ಟಿಲು ಹತ್ತಿತ್ತು. ಮೇಷ್ಟರ ಕೈಗೆ ಯಾರೋ ಬೆತ್ತ ಕೊಟ್ಟರು.

ಬೆತ್ತ ಕೈಗೆ ಬಂದದ್ದೇ ತಡ, ಬೆನ್ನು ನೆಟ್ಟಗಾಯಿತು. ಹೆಸರುಗಳು ಸತ್ತ ತಲೆಯ ಕೆಳಗೆ ಕೈಯ ನೆನಪು ಜೀವಂತವಾಗಿತ್ತು. “ಹ್ಞೂಂ. ಒಪ್ಪಿಸು.”

“ಹತ್ತೊಂಬತ್ತೊಂದ್ಲ ಹತ್ತೊಂಬತ್ತು. ಹತ್ತೊಂಬತ್ತೆರಡ್ಲ ಮೂವತ್ತೆಂಟು. ಹತ್ತೊಂಬತ್ಮೂರ್ಲ ಐವತ್ತೇಳು...”

ಟಕ್. ಬೆತ್ತ ಮೇಜಿಗೆ ಬಡಿಯಿತು.

ಮಗುವಿನ ಮಾತು ನಿಂತಿತು. ಬೆಳಿಗ್ಗೆ ದೋಸೆ ತಿನ್ನುತ್ತ ಕೊನೆಯವರೆಗೆ ಹೇಳಿದವಳು. “ಹತ್ತೊಂಬತ್ನಾಲ್ಕ್ಲ...” ಟಕ್. “ಹೆದರ್ಬೇಡ ಪುಟ್ಟೀ, ತಮಾಷೆ!” ಎಂದು ಮುಂದಿನ ಸಾಲು ನಗುತ್ತ ಮೊಬೈಲು ಎತ್ತಿತು. ಟಕ್. ಅಕ್ಷರಾಳ ಬಾಯಿ ತೆರೆದೇ ಇತ್ತು. ಬೆರಳುಗಳು ಲಂಗದ ಅಂಚನ್ನು ಹಿಂಡುತ್ತಿದ್ದವು.

ಹೂವಪ್ಪ ವೇದಿಕೆ ಏರಿದ್ದು ಅವನಿಗೇ ತಿಳಿಯಲಿಲ್ಲ. ಮಗುವನ್ನು ಬೆನ್ನ ಹಿಂದಕ್ಕೆ ಎಳೆದುಕೊಂಡ, ಬೆತ್ತವನ್ನು ಕಿತ್ತುಕೊಂಡ. ಮುದುಕರು ತಟ್ಟನೆ ಮೊಣಕೈ ಎತ್ತಿ ಮುಖ ಮುಚ್ಚಿಕೊಂಡರು. ಮೆಲ್ಲಗೆ ಮೊಣಕೈ ಇಳಿಸಿ, ಅವನನ್ನು ದಿಟ್ಟಿಸಿ, ಮುಖವರಳಿಸಿ ಹೇಳಿದರು:

“ಹೂವ. ಮಾರಪ್ಪನ ಮಗ. ದಡ್ಡ.”

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. “ನಮ್ಮನ್ನೆಲ್ಲ ಮರೆತ್ರು, ನಿನ್ನ ಮರೀಲಿಲ್ವಲ್ಲೋ!” ಪ್ರಕಾಶನ ಕಣ್ಣಲ್ಲಿ ನಿಜವಾದ ನೀರು. “ಪುಣ್ಯವಂತ ಕಣೋ ನೀನು, ಕಾಲಿಗೆ ಬೀಳೋ!”

ಮೈಕು ಎದುರಿಗಿತ್ತು. ಗಟ್ಟಿ ಮಾಡಿಕೊಂಡಿದ್ದ ವಾಕ್ಯಗಳನ್ನು ಹೂವಪ್ಪ ಹುಡುಕಿದ. ಒಂದೂ ಇರಲಿಲ್ಲ. ಕಪ್ಪು ಹಲಗೆ ಒರೆಸಿದಷ್ಟು ಖಾಲಿ. ಕಿವಿಯಲ್ಲಿ ರಕ್ತದ ಸದ್ದು. ಬಿದ್ದದ್ದು ಅದೇ ಹಳೆಯ ಗುಂಡಿಗೆ. ಆದರೆ ಈ ಸಲ ಬೆನ್ನಿಗೆ ಒಂದು ಪುಟ್ಟ ಹಣೆ ಒತ್ತಿಕೊಂಡಿತ್ತು, ಅದರ ಬಿಸಿ ಅಂಗಿ ದಾಟಿ ತಾಗುತ್ತಿತ್ತು. ಮಾತು ತಲೆಯಿಂದ ಬರಲಿಲ್ಲ, ಎಲ್ಲಿಂದಲೋ ಬಂತು.

“ಹೊಡೆದಿದ್ದಕ್ಕೇ ಮನುಷ್ಯರಾದ್ವಿ ಅಂತೀರಲ್ರೋ, ಆಗಿದೀವಿ ಅಂತ ಯಾರು ಹೇಳಿದ್ರು ನಿಮಗೆ? ಕಾಯಿಲೆ ಮುದುಕನ್ನ ಕೂರ್ಸಿ, ಹೆಸರು ಕೇಳಿ, ಬೆವರಿದ್ರೆ ನಗೋರು ಮನುಷ್ಯರಾ? ಮಗು ಬಾಯಿ ಕಟ್ಟಿದ್ರೆ ವಿಡಿಯೋ ಮಾಡೋರು ಮನುಷ್ಯರಾ? ಥೂ!” ಅವನು ಕುರ್ಚಿಯತ್ತ ತಿರುಗಿದ. “ಮೇಷ್ಟ್ರೇ, ನಾನು ದಡ್ಡ ಅಲ್ಲ. ಯಾವತ್ತೂ ಆಗಿರ್ಲಿಲ್ಲ. ಹಾಗೆ ಮಾಡಿಟ್ಟಿದ್ದು ನೀವು. ನಿಮಗೆ ಇದು ಅರ್ಥ ಆಗಲ್ಲ. ಆಗ್ದೆ ಹೋದ್ರೂ ಕೇಳಿಸ್ಕೊಳ್ಳಿ.”

“ಮಗ್ಗಿ ಬಂತೇನೋ?” ಎಂದರು ಷಡಕ್ಷರಪ್ಪ, ವಾತ್ಸಲ್ಯದಿಂದ.

ಸಭೆಯಲ್ಲಿ ಯಾರೂ ನಗಲಿಲ್ಲ. ಹೂವಪ್ಪ ಬೆತ್ತವನ್ನು ತನುಜಾಳ ಕೈಗಿಟ್ಟ. “ನಿಮ್ಮ ಮಾತು ಉಳಿಸ್ಲಿಲ್ಲ ಮೇಡಂ. ಕ್ಷಮೆ ಕೇಳಲ್ಲ.”

ಆಕೆ ತಲೆಯಾಡಿಸಿದಳು. ಪ್ರಕಾಶ್ ಬೆತ್ತಕ್ಕೆ ಕೈ ಚಾಚಿದ: “ಕೊಡಿ ಮೇಡಂ, ಇನ್ನೂ ಮಕ್ಕಳಿದಾವೆ.” ಆಕೆ ಕೊಡಲಿಲ್ಲ. “ಅಪ್ಪಾ, ಏಳಿ. ಮನೆಗೆ ಹೋಗೋಣ,” ಎಂದು ತಂದೆಯ ತೋಳಿಗೆ ಕೈ ಹಾಕಿದಳು.

ಹೂವಪ್ಪ ಮಗುವನ್ನೆತ್ತಿ ಹೆಗಲಿಗೆ ಹಾಕಿಕೊಂಡು ಕುರ್ಚಿಗಳ ನಡುವೆ ನಡೆದ. “ಬೆಳಿಗ್ಗೆನೇ ಕುಡ್ದಿದಾನೆ ಅಂತ ಕಾಣುತ್ತೆ,” ಎಂದರು ಒಬ್ಬರು. “ಗುರುದ್ರೋಹಿ,” ಎಂದರು ಇನ್ನೊಬ್ಬರು. ಅವನ ಸಿಟ್ಟು ಒಂದು ಹನಿಯೂ ಇಳಿದಿರಲಿಲ್ಲ. ಮಗು ಅವನ ಕೊರಳಲ್ಲಿ ಮುಖ ಹುದುಗಿಸಿ, “ನಂಗೆ ಬರ್ತಿತ್ತು ಅಜ್ಜಾ,” ಎಂದಿತು.

“ಗೊತ್ತು ಮಗಳೇ,” ಎಂದು ಅವನು ಕಾಲಿನಿಂದಲೇ ಬಾಗಿಲು ನೂಕಿ ಬಿಸಿಲಿಗೆ ದಾಟಿದ. ಭಾರದ ಕದ ತಾನಾಗಿಯೇ ಮರಳಿ ಬಂದು, ಹಿಂದೆ ಧಡಾರನೆ ಮುಚ್ಚಿಕೊಂಡಿತು.