ಮೊದಲ ಸೆಕೆಂಡಿನ ಉಸಿರು

ನಾನು ಉಸಿರು ಅಳೆಯುವ ಯಂತ್ರ. ಹೊಟ್ಟೆಯಲ್ಲೊಂದು ತಿದಿ, ಪಕ್ಕದಲ್ಲಿ ಉಸಿರಿನ ಗೆರೆ ಎಳೆಯುವ ಒಂದು ಪೆನ್ನು, ನನ್ನ ಆಸ್ತಿ ಇಷ್ಟೇ. ಕಾರ್ಖಾನೆಯಲ್ಲಿ ನನ್ನನ್ನು ಜೋಡಿಸಿದ ಹೆಂಗಸು ಒಮ್ಮೆ ಊದಿ ನೋಡಿದಳು. ಅವಳದೇ ನನ್ನೊಳಗೆ ಬಂದ ಮೊದಲ ಉಸಿರು, ಈರುಳ್ಳಿ ವಾಸನೆಯದು!

ಅಲ್ಲಿಂದ ಗದಗಿನ ಕಡೆಯ ಒಂದು ಆಸ್ಪತ್ರೆಗೆ ಬಂದೆ. ಟೆಕ್ನಿಷಿಯನ್ ಸಲೋಮಿ ದಿನಾ ಬೆಳಿಗ್ಗೆ ನನ್ನ ಮುಖ ಒರೆಸಿ, "ಏಳೋ ಮಾರಾಯಾ, ಮಂದಿ ಬಂದಾರ" ಅನ್ನುತ್ತಿದ್ದಳು. ಅವಳೆಂದರೆ ನನಗೆ ಜೀವ.

ಒಂದು ಮಧ್ಯಾಹ್ನ ಶಹನಾಯಿ ಊದುವ ದುರಗಪ್ಪ ಭಜಂತ್ರಿ ಬಂದ. ಬಲ ಶ್ವಾಸಕೋಶದ ಕೆಳಗಿನ ಭಾಗದಲ್ಲಿ, ಅಂದರೆ ಕೆಳಗಿನ ಹಾಲೆಯಲ್ಲಿ, ಗಡ್ಡೆ. ಆ ಹಾಲೆ ತೆಗೆದರೆ ಬದುಕುತ್ತಾನೆ. ಬಲಕ್ಕೆ ಮೂರು ಹಾಲೆ, ಎಡಕ್ಕೆ ಎರಡು. ಉಳಿಯುವ ನಾಲ್ಕರಲ್ಲಿ ಅವನ ಉಸಿರು ನಡೆದೀತೇ ಎಂದು ನಾನು ಹೇಳಬೇಕಿತ್ತು.

ಸರ್ಜರಿ ಕಲಿಯುತ್ತಿದ್ದ ಡಾಕ್ಟರ್ ತಬಸ್ಸುಮ್ ಅವನ ಮೂಗಿಗೆ ಕ್ಲಿಪ್ ಹಾಕಿ, "ಊದ್ರಿ" ಎಂದಳು. ಅಬ್ಬಾ, ಎಂಥ ಉದ್ದನೆಯ ಉಸಿರು! ಆದರೆ ಮೊದಲ ಸೆಕೆಂಡಿನಲ್ಲೇ ಮುಕ್ಕಾಲು ಪಾಲು ಹೊರಬರಬೇಕಾದದ್ದು ಕಾಲು ಪಾಲೂ ಬರಲಿಲ್ಲ. ಮೂರು ಸಲ ಊದಿಸಿದಳು, ಮೂರೂ ಹಾಗೇ.

"ಶ್ವಾಸನಾಳ ಬಿಗದಾವ. ಆಪರೇಷನ್ ತಡಕೊಳ್ಳಂಗಿಲ್ಲ ಕಾಕಾ," ಎಂದು ಅವಳು ಬರೆಯತೊಡಗಿದಳು. ದುರಗಪ್ಪನ ಮುಖ ಸಪ್ಪಗಾಯಿತು. ಅಯ್ಯೋ ಪಾಪ ಅನ್ನಿಸಿತು, ಆದರೆ ನನಗೆ ಬಾಯಿ ಎಲ್ಲಿದೆ?

ಅವನು ಊದುವಾಗೆಲ್ಲ ಸಲೋಮಿ ಅವನ ಉಬ್ಬಿದ ಗಲ್ಲವನ್ನೇ ನೋಡಿದ್ದಳು. "ಕಾಕಾ, ಉಸರು ಹಿಡದು ಹಿಡದು ಯಾಕ ಬಿಡ್ತೀರಿ?"

"ಮತ್ತ? ನಮ್ಮಪ್ಪ ಶಹನಾಯಿ ಕಲಿಸಿದ್ದ ಹಂಗವ್ವಾ. ಒಮ್ಮೆಲೆ ಬಿಟ್ರ ಕಪಾಳಕ್ಕ ಬಿಗೀತಿದ್ದ."

"ಇಲ್ಲಿ ನಿಮ್ಮಪ್ಪ ಇಲ್ಲ, ಮದುವ್ಯಾಗಿನಂಗ ಅಕ್ಷತಾ ಬೀಳೂತನಾ ಊದೂದೂ ಇಲ್ಲ. ಇದ್ದದ್ದೆಲ್ಲಾ ಒಮ್ಮೆಲೆ ಉಗುಳಿಬಿಡ್ರಿ!"

ಅವನು ಕಣ್ಣು ಮುಚ್ಚಿ ಊದಿದ. ನನ್ನ ತಿದಿ ಧಡಕ್ಕನೆ ಎದ್ದಿತು. ಪೆನ್ನು ಸರ್ರನೆ ಮೇಲೇರಿತು, ಮೊದಲ ಸೆಕೆಂಡಿನಲ್ಲೇ ಮುಕ್ಕಾಲು ಪಾಲು ಹೊರಗೆ! ತಬಸ್ಸುಮ್ ಬರೆದದ್ದನ್ನು ಹೊಡೆದುಹಾಕಿ, "ಗಡಿಬಿಡಿ ಮಾಡಿದೆ ಕಾಕಾ, ತಪ್ಪಾತು," ಎಂದು ಅವನ ಕೈ ಹಿಡಿದಳು. ಎಂಟನೇ ದಿನ ಆಪರೇಷನ್ ಆಯಿತು. ಆರು ತಿಂಗಳಿಗೆ ದುರಗಪ್ಪ ಯಾರದೋ ಮದುವೆಯ ಬುಂದಿ ಲಾಡು ತಂದು ಸಲೋಮಿಗೆ ಕೊಟ್ಟ. ಮೊದಲಿಗಿಂತ ಬೇಗ ದಣಿಯುತ್ತಾನಂತೆ, ಆದರೂ ಊದುತ್ತಾನೆ.

ಈಗ ನನ್ನ ಜಾಗದಲ್ಲಿ ಕಂಪ್ಯೂಟರ್ ಇದೆ. ನಾನು ಡಾಕ್ಟರಿಕೆ ಕಲಿಯುವವರ ತರಗತಿಯ ಮೂಲೆಯಲ್ಲಿದ್ದೇನೆ. ಪಾಠ ಹೇಳುವವಳು ತಬಸ್ಸುಮ್. "ಊದಿಸೂಕಿಂತ ಮೊದಲ, ಮನಷ್ಯಾ ಏನ್ ಕೆಲಸಾ ಮಾಡ್ತಾನ ಕೇಳ್ರಿ," ಎನ್ನುತ್ತಾಳೆ. ಹುಡುಗರು ಬರೆದುಕೊಳ್ಳುತ್ತಾರೆ, ನನ್ನನ್ನು ಮೆಚ್ಚುಗೆಯಿಂದ ನೋಡುತ್ತಾರೆ. ನನಗೆ ನಾಚಿಕೆಯಾಗುತ್ತದೆ. ಆ ಮಧ್ಯಾಹ್ನ ನಾನು ಎಳೆದ ಮೊದಲ ಮೂರು ಗೆರೆಗಳಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅವನ್ನೇ ನಂಬಿದ್ದರೆ ದುರಗಪ್ಪ ಸಾಯಲು ಮನೆಗೆ ಹೋಗುತ್ತಿದ್ದ.