ಬಲ್ಲವರು ಇಬ್ಬರು

ಅವಳ ಕೆಲಸ ಚೆನ್ನಾಗಿದೆಯೆಂದು ಹೇಳಬಲ್ಲ ಎರಡನೆಯ ಮನುಷ್ಯ ಅವಳಿಗೆ ಇರಲಿಲ್ಲ.

ಕಣ್ಣಾಸ್ಪತ್ರೆಯ ಕನ್ನಡಕ ವಿಭಾಗದವರು ಬಯೋಡೇಟಾದ ಕೊನೆಯಲ್ಲಿ, ಅಭ್ಯರ್ಥಿಯ ಕೆಲಸವನ್ನು ಕಣ್ಣಾರೆ ಕಂಡ ಇಬ್ಬರ ಹೆಸರು, ಫೋನ್ ನಂಬರ್ ಕೇಳಿದ್ದರು. ಸಂಬಂಧಿಕರು ಆಗುವುದಿಲ್ಲ ಎಂದೂ ಬರೆದಿದ್ದರು. ಮೊದಲನೆಯವರು ತರಬೇತಿ ಕೊಟ್ಟ ಮೇಡಮ್. ಆಮೇಲೆ ಆರು ವರ್ಷ ಅವಳು ಒಂದೇ ಅಂಗಡಿಯ ಹಿಂದಿನ ಕೋಣೆಯಲ್ಲಿ, ಒಂದೇ ಯಂತ್ರದ ಮುಂದೆ ಕೂತು ಗಾಜು ಸವೆಸಿ ಫ್ರೇಮಿಗೆ ಕೂರಿಸುತ್ತಿದ್ದಳು. ಅದನ್ನು ಕಂಡವರು ಮಾಲೀಕರು ಒಬ್ಬರೇ.

ಉಳಿದದ್ದೆಲ್ಲ ತಮ್ಮ ಸರಿಮಾಡಿಕೊಟ್ಟ. ಅವನಿಗೆ ಕೆಲಸ ಇರಲಿಲ್ಲ. ಹಾಗಾಗಿ ಬಯೋಡೇಟಾ ಬರೆಯುವುದರಲ್ಲಿ ಕೈ ಪಳಗಿತ್ತು.

"ಶ್ರಮಜೀವಿ, ಪ್ರಾಮಾಣಿಕಳು ಅಂತೆಲ್ಲ ಬೇಡ ಅಕ್ಕ. ಎಲ್ಲರೂ ಅದನ್ನೇ ಬರೀತಾರೆ. ದಿನಕ್ಕೆ ಎಷ್ಟು ಕನ್ನಡಕ ಮಾಡ್ತೀಯ?"

"ಹನ್ನೆರಡು, ಹದಿಮೂರು."

"ಸರಿಯಿಲ್ಲ ಅಂತ ವಾಪಸ್ ಬರೋದು?"

"ತಿಂಗಳಿಗೆ ಒಂದು. ಅದೂ ಗಿರಾಕಿಗಳೇ ಅದರ ಮೇಲೆ ಕೂತಿರ್ತಾರೆ."

"ಕೂತಿದ್ದು ಬೇಡ, ಒಂದು ಅಂತ ಹಾಕೋಣ."

ಹೆಸರಿನ ಜಾಗಕ್ಕೆ ಬಂದಾಗ ಅವನ ಬೆರಳು ನಿಂತಿತು. "ನಿಮ್ಮ ಓನರ್ ನಂಬರನ್ನೇ ಹಾಕು."

"ತಲೆ ನೆಟ್ಟಗಿದೆಯಾ? ಗೊತ್ತಾದ್ರೆ ಅವತ್ತೇ ಮನೆಗೆ ಕಳಿಸ್ತಾರೆ. ಆಮೇಲೆ ಬಾಡಿಗೆ ನೀನು ಕಟ್ತೀಯಾ?"

"ಕೆಲಸ ಕೊಡೋದು ಗಟ್ಟಿ ಆದ್ಮೇಲೇ ಫೋನ್ ಮಾಡೋದು ಅಕ್ಕ. ಎಲ್ಲ ಕಡೆ ಹಾಗೇ."

"ನಿನ್ನ ವಿಷಯಕ್ಕೆ ಎಷ್ಟು ಕಡೆಯಿಂದ ಫೋನ್ ಮಾಡಿದಾರೆ?"

ಅರ್ಜಿಗೆ ಅಂದೇ ಕೊನೆಯ ದಿನ. ಅವಳು ಮಾಲೀಕರ ನಂಬರನ್ನು ಒಂದೊಂದೇ ಅಂಕಿಯಾಗಿ ಹೇಳಿದಳು.

ಆಮೇಲೆ ಮಾಲೀಕರ ಫೋನ್ ಸದ್ದಾದಾಗಲೆಲ್ಲ ಯಂತ್ರ ನಿಲ್ಲಿಸಿ ಕಿವಿಗೊಡುವಳು. ಯಾರೋ ಫ್ರೇಮಿನ ಬೆಲೆ ಕೇಳುತ್ತಿರುವರು. ಮತ್ತೆ ಶುರು ಮಾಡುವಳು. ಹೀಗೇ ಒಂದು ಗಾಜಿನ ಅಂಚು ಹೆಚ್ಚು ಸವೆದು ಹಾಳಾಯಿತು. ಆಸ್ಪತ್ರೆಯವರು ಹೇಳುವ ಮೊದಲು ತಾನೇ ಹೇಳಿಬಿಡಬೇಕು ಎಂದುಕೊಂಡು ಗುರುವಾರ ಕೌಂಟರಿನ ಹತ್ತಿರ ಹೋದಳು.

"ಸರ್, ಒಂದು ಮಾತು ಹೇಳ್ಬೇಕಿತ್ತು."

"ಅಡ್ವಾನ್ಸ್ ಆದ್ರೆ ಈ ತಿಂಗಳು ಆಗಲ್ಲಮ್ಮ."

"ಅಡ್ವಾನ್ಸ್ ಅಲ್ಲ ಸರ್."

"ಮತ್ತೇನು, ಮದುವೆನಾ?"

ಅಷ್ಟರಲ್ಲಿ ಕಡ್ಡಿ ಕಳಚಿದ ಕನ್ನಡಕ ಹಿಡಿದು ಮುದುಕರೊಬ್ಬರು ಬಂದರು. ಅವಳು ಅದಕ್ಕೆ ಹೊಂದುವ ಸ್ಕ್ರೂ ಹುಡುಕುತ್ತಿದ್ದಾಗ ಮಾಲೀಕರಿಗೆ ಫೋನ್ ಬಂತು. ಅವರು ಕೇಳಿಸಿಕೊಂಡರು. ಅವಳ ಕಡೆ ತಿರುಗಿ ನೋಡಿದರು.

"ಹೌದು, ನಮ್ಮಲ್ಲೇ ಇರೋದು. ಕೆಲಸದಲ್ಲಿ ಎರಡು ಮಾತಿಲ್ಲ. ಕೈ ಬಹಳ ಅಚ್ಚುಕಟ್ಟು. ಸುಮ್ಮಸುಮ್ಮನೆ ರಜೆ ಹಾಕೋಳಲ್ಲ."

ಅವಳ ಕೈಗೆ ಸರಿಯಾದ ಸ್ಕ್ರೂ ಸಿಕ್ಕಿತು.

"ಆದ್ರೆ ನೋಡಿ, ಹೋಗ್ತೀನಿ ಅಂತ ನನಗೆ ಬಾಯಿ ಬಿಟ್ಟಿಲ್ಲ. ನೀವು ಹೇಳಿದ್ಮೇಲೇ ಗೊತ್ತಾಗಿದ್ದು. ನಾಳೆ ನಿಮಗೂ ಅಷ್ಟೇ."

ಫೋನ್ ಇಟ್ಟು ಅವರು ಮುದುಕರ ಕನ್ನಡಕವನ್ನು ಅವಳ ಕೈಯಿಂದ ತೆಗೆದುಕೊಂಡರು. ದನಿ ಏರಿಸಲಿಲ್ಲ. "ಇದನ್ನ ನಾನು ಮಾಡ್ತೀನಿ. ನೀನು ಹೊರಡಮ್ಮ."

"ಸರ್, ಈಗ ಅದನ್ನೇ ಹೇಳೋಕೆ ಬಂದಿದ್ದೆ."

"ಹೇಳಲಿಲ್ಲವಲ್ಲ."

ಮುದುಕರು ಇಬ್ಬರ ಮುಖವನ್ನೂ ನೋಡಿದರು. ಕನ್ನಡಕವಿಲ್ಲದೆ ಅವರಿಗೆ ಏನೂ ಕಂಡಿರಲಾರದು.

ಸೋಮವಾರ ಆಸ್ಪತ್ರೆಯಿಂದ ಎರಡು ಸಾಲಿನ ಸಂದೇಶ ಬಂತು. ಬೇರೆಯವರನ್ನು ತೆಗೆದುಕೊಂಡಿದ್ದರು. ಇದ್ದ ಕೆಲಸ ಒಂದು, ಬರಬೇಕಿದ್ದ ಕೆಲಸ ಒಂದು. ಒಟ್ಟು ಎರಡು ಹೋದವು.