ಲಿನಕ್ಸಿಗೆ ಬಲಗಡೆ ಹೂವಾಯಿತು

ಹೊಳಲ್ಕೆರೆಯ ತಾಲ್ಲೂಕು ಕಚೇರಿ ಎದುರಿನ ಟೈಪಿಂಗ್ ಅಂಗಡಿಯ ಬೋರ್ಡಿನ ಮೇಲಿರುವುದು ನನ್ನ ಹೆಸರು: ನಾಗರಾಜ್, ಮಾಲೀಕರು. ಟೈಪ್ ಮಾಡುವುದು ಹೆಂಡತಿ ರೇಣುಕಾ. ಅರ್ಜಿ, ಕರಾರುಪತ್ರ, ಲಗ್ನಪತ್ರಿಕೆ ಎಲ್ಲ ಅವಳ ಕೈಯಿಂದಲೇ ಆಗಬೇಕು. ಯಜಮಾನಿಕೆಯ ತಲೆನೋವು ಮಾತ್ರ ಪೂರ್ತಿ ನನ್ನದು.

ಕಳೆದ ಅಕ್ಟೋಬರ್‌ನಲ್ಲಿ, ನಮ್ಮ ಕಂಪ್ಯೂಟರಿನ ವಿಂಡೋಸ್‌ಗೆ ಇನ್ನು ಅಪ್‌ಡೇಟ್ ಬರುವುದಿಲ್ಲ ಎಂಬ ಸೂಚನೆ ಪರದೆಯ ಮೇಲೆ ಬಂತು. ಹೊಸ ವಿಂಡೋಸ್ ಹಾಕೋಣವೆಂದರೆ ಆ ಹಳೇ ಕಂಪ್ಯೂಟರಿಗೆ ಅದು ಹತ್ತುವುದಿಲ್ಲವಂತೆ. ರಸ್ತೆಯಾಚೆ ಇನ್ನೊಂದು ಟೈಪಿಂಗ್ ಅಂಗಡಿ ಬೇರೆ ಶುರುವಾಗಿತ್ತು. ನಮ್ಮದು ನಾಲ್ಕು ದಿನ ಮಲಗಿದರೆ ಗಿರಾಕಿಗಳೆಲ್ಲ ಅಲ್ಲಿಗೆ ಹೋಗುತ್ತಾರೆ, ಅಂಗಡಿ ಮುಚ್ಚಬೇಕಾಗುತ್ತದೆ ಎಂದು ನನಗೆ ನಿಜಕ್ಕೂ ಭಯವಾಯಿತು.

ಗೆಳೆಯ ಮೂರ್ತಪ್ಪ ಮೇಷ್ಟ್ರನ್ನು ಕೇಳಿದೆ.

"ವಿಂಡೋಸ್ ಬದ್ಲು ಲಿನಕ್ಸ್ ಹಾಕ್ಸಪ್ಪ. ಪುಕ್ಕಟೆ, ವೈರಸ್ ಕಾಟ ಇಲ್ಲ. ನಮ್ಮನೇಲಿ ಎರಡು ವರ್ಷದಿಂದ ಐತೆ, ಒಂದಿನ ಕೈಕೊಟ್ಟಿಲ್ಲ" ಎಂದರು.

ಮೇಷ್ಟ್ರು ಕಂಪ್ಯೂಟರಿನಲ್ಲಿ ಪೇಪರ್ ಓದುತ್ತಾರೆ, ಹಳೇ ಹಾಡು ಕೇಳುತ್ತಾರೆ, ಅಷ್ಟೇ. ಅದು ಆಗ ನನಗೆ ಹೊಳೆಯಲಿಲ್ಲ.

ನಮ್ಮ ಮನೆತನದಲ್ಲಿ ಬೋರ್ ಕೊರೆಸಲಿ, ಹೆಣ್ಣು ತರಲಿ, ಮನೆದೇವರಲ್ಲಿ ಹೂ ಕೇಳದೆ ಒಂದು ಹೆಜ್ಜೆ ಇಡುವುದಿಲ್ಲ. ಮೂರ್ತಿಗೆ ಅಂಟಿಸಿದ ಹೂವು ಬಲಗಡೆಯಿಂದ ಬಿದ್ದರೆ ಅಪ್ಪಣೆ, ಎಡಗಡೆಯಿಂದ ಬಿದ್ದರೆ ಬೇಡ. ಸೋಮವಾರ ಹೋಗಿ ಕೈಮುಗಿದು, "ಲಿನಕ್ಸ್ ಒಳ್ಳೇದೇನಪ್ಪಾ?" ಎಂದು ಕೇಳಿದೆ. ಪೂಜಾರಿ ಪರಮೇಶ್ವರಪ್ಪನವರು ಮಂಗಳಾರತಿ ಎತ್ತುವಷ್ಟರಲ್ಲಿ ಬಲಗಡೆಯ ಹೂವು ಬಿತ್ತು. ಬೋರ್‌ಗೂ ದೇವರು ಇಷ್ಟು ಬೇಗ ಅಪ್ಪಣೆ ಕೊಟ್ಟಿರಲಿಲ್ಲ.

ಮನೆಗೆ ಬಂದು ಹೇಳಿದೆ.

"ಅಲ್ರಿ, ಅದ್ರಾಗೆ ನನ್ನ..." ಎಂದು ರೇಣುಕಾ ಏನೋ ಶುರು ಮಾಡಿದಳು.

"ದೇವ್ರೇ ಕೊಟ್ಟೈತೆ, ನೀನು ನಡುವೆ ಬಾಯಿ ಹಾಕಬ್ಯಾಡ" ಎಂದೆ.

ಭಾನುವಾರ ಮೇಷ್ಟ್ರು ಬಂದು ಫೈಲುಗಳನ್ನು ಬೇರೆ ತೆಗೆದಿಟ್ಟು, ಹಳೆಯದನ್ನೆಲ್ಲ ಅಳಿಸಿ ಲಿನಕ್ಸ್ ಹಾಕಿದರು. ಅರ್ಧ ಟೀ ಕುಡಿಯುವವರೆಗೂ ಏಳದಿದ್ದ ಕಂಪ್ಯೂಟರ್ ಈಗ ಗುಂಡಿ ಒತ್ತಿದೊಡನೆ ಏಳತೊಡಗಿತು. ನಾನು ಅಕ್ಕಪಕ್ಕದ ಅಂಗಡಿಯವರನ್ನೆಲ್ಲ ಕರೆದು ತೋರಿಸಿದೆ.

ಮರುದಿನದ ಮೊದಲ ಗಿರಾಕಿ ಪರಮೇಶ್ವರಪ್ಪನವರೇ. ಹೋದ ವರ್ಷದ ಕಾರ್ತಿಕದ ಕರಪತ್ರದಲ್ಲಿ ತಾರೀಖು ಬದಲಿಸಿ ಕೊಡಬೇಕಿತ್ತು, ಐದು ನಿಮಿಷದ ಕೆಲಸ. ರೇಣುಕಾ ಫೈಲು ತೆರೆದಳು. ಪರದೆಯ ತುಂಬ ತಲೆಬುಡವಿಲ್ಲದ ಗುರುತುಗಳು, ಒಂದೂ ಕನ್ನಡದ ಅಕ್ಷರವಿಲ್ಲ. ಅವಳು ಹದಿನೈದು ವರ್ಷದಿಂದ ಬಳಸುತ್ತಿದ್ದ ಕನ್ನಡ ತಂತ್ರಾಂಶ ಲಿನಕ್ಸಿಗೆ ಹತ್ತುವುದಿಲ್ಲ. ಅವಳು ಅಂದು ಹೇಳಲು ಹೊರಟಿದ್ದು ಅದನ್ನೇ.

ನಾನು ಪೂಜಾರಿಗಳ ಮೇಲೆಯೇ ರೇಗಿದೆ. "ಬಲಗಡೆ ಕೊಡ್ಸಿದೋರು ನೀವೇ ಅಲ್ವೇನ್ರಿ?"

"ಒಳ್ಳೇದಾ ಅಂತ ಕೇಳಿದ್ರಿ, ಒಳ್ಳೇದು ಅಂತು. ನಿಮ್ಮ ಅಂಗಡಿ ಕೆಲಸಕ್ಕೆ ಆಗ್ತೈತಾ ಅಂತ ಕೇಳಿದ್ರೇನು?" ಎಂದವರು, ಹಳೇ ಕರಪತ್ರ ಮಡಚಿ ಹಿಡಿದು ರಸ್ತೆ ದಾಟಿ ಆಚೆಯ ಅಂಗಡಿಗೆ ಹೋದರು.

ನಾನು ರೇಣುಕಾ ಕಡೆ ತಿರುಗಿದೆ. "ಏಳೇ, ಈಗ್ಲೇ ಹೋಗಾಣ. ಇನ್ನೊಂದ್ಸಲ ಸರಿಯಾಗಿ ಹೂ ಕೇಳ್ಕೊಂಡು ಬರಾಣ" ಎಂದೆ.

ರೇಣುಕಾ ಕುರ್ಚಿಯಿಂದ ಏಳಲಿಲ್ಲ.

"ಅಷ್ಟು ದೂರ ಯಾಕ್ರಿ? ಹದಿನೈದು ವರ್ಷದಿಂದ ಇದರ ಮುಂದೆ ಕುಂತಿರೋಳು ಇಲ್ಲೇ ಇದೀನಿ. ನನ್ನೂ ಒಂದ್ಸಲ ಕೇಳಿ ನೋಡ್ರಿ."